ಮಹಡಿಗೆ ಹೋಗದ ಮೆಟ್ಟಿಲು

ನಾನು ನಿಂತದ್ದು ಮೆಟ್ಟಿಲ ಬುಡದಲ್ಲಿ, ಕೈಯಲ್ಲಿ ಕಡಲೆ ಉಸಲಿಯ ತಟ್ಟೆ ಹಿಡಿದು. ಎಪ್ಪತ್ಮೂರನೆಯ ಇಸವಿ, ಡೆಟ್ರಾಯಿಟ್, ನವರಾತ್ರಿಯ ಆರನೆಯ ದಿನ, ಸಂಜೆ ಐದೂ ಇಪ್ಪತ್ತು. ಆಮೇಲಿನದೆಲ್ಲ ನಡೆದದ್ದು ಎರಡೇ ನಿಮಿಷದಲ್ಲಿ.

ಮೊದಲು ಮನೆಯ ವಿಷಯ. ಇಂಗ್ಲೆಂಡಿನ ಬಂಗಲೆಗಳಿಗೆ ಮನಸೋತ ಯಾವನೋ ಧಣಿ ಅದನ್ನು ಹಾಗೆಯೇ ಕಟ್ಟಿಸಿದ್ದನಂತೆ. ಕಡಿದಾದ ಮಾಡು, ಗೋಡೆಯ ಮೇಲೆ ಕಪ್ಪು ಮರದ ಪಟ್ಟಿಗಳು, ಇಡೀ ಬೀದಿಗೆ ಸಾಲುವಷ್ಟು ಹೊಗೆಗೂಡು. ಅವನ ಕಾಲ ಮುಗಿದ ಮೇಲೆ ಯಾರೋ ಅದನ್ನು ಕುಂಬಳಕಾಯಿಯಂತೆ ಹೆಚ್ಚಿ ಆರು ಫ್ಲ್ಯಾಟ್ ಮಾಡಿದ್ದರು. ಚಾವಣಿಯ ಗಾರೆಹೂವಿನ ಅರ್ಧ ನಮ್ಮ ಹಾಲಿನಲ್ಲಿ, ಉಳಿದರ್ಧ ಪಕ್ಕದವರ ಮಲಗುವ ಕೋಣೆಯಲ್ಲಿ. ರಾಣಿಯೇ ಇಳಿದು ಬರಬೇಕೆನಿಸುವ ಓಕ್ ಮರದ ಮೆಟ್ಟಿಲು ನಮ್ಮ ಹಾಲಿನಿಂದ ಗತ್ತಿನಲ್ಲಿ ಒಂಬತ್ತು ಹಂತ ಏರಿ, ಒಂದು ಪ್ಲೈವುಡ್ ಬಾಗಿಲಿಗೆ ಮುಖ ಕೊಟ್ಟು ಸುಮ್ಮನೆ ನಿಂತುಬಿಟ್ಟಿತ್ತು.

"ರೀ, ಒಂಬತ್ತು ಮೆಟ್ಲು! ಬೆಸ ಸಂಖ್ಯೆ! ದಸರಾ ಗೊಂಬೆ ಕೂರ್ಸೋಕೇಂತ್ಲೇ ಕಟ್ಸಿರೋ ಹಾಗಿದೆ" ಎಂದಳು ನನ್ನ ಹೆಂಡತಿ ಲಲಿತ. ಮೈಸೂರಿನವಳು. ಅಮೆರಿಕಕ್ಕೆ ಬಂದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಆ ಬಾಗಿಲಾಚೆ, ಮೇಲಿನ ಫ್ಲ್ಯಾಟಿನಲ್ಲಿದ್ದ ವಾಲ್ಟರ್ ಎಂಬ ಮುದುಕರಿಗೆ ಬೆಂಕಿ ಬಿದ್ದರೆ ಇಳಿಯಲು ಇರುವ ದಾರಿ ಅದು, ಸದಾ ಖಾಲಿ ಇರಬೇಕು ಎಂದು ಮನೆಯ ಮ್ಯಾನೇಜರ್ ಬಾಡಿಗೆಗೆ ಕೊಡುವಾಗಲೇ ನನ್ನಿಂದ ಸಹಿ ಹಾಕಿಸಿಕೊಂಡಿದ್ದರು. ಆ ನಗುವಿನ ಮುಂದೆ ಇದನ್ನು ಹೇಗೆ ಹೇಳಲಿ? ಒಂಬತ್ತು ದಿನದೊಳಗೆ ಬೆಂಕಿ ಬೀಳುವುದುಂಟೇ ಎಂದು ನನ್ನ ಎಂಜಿನಿಯರ್ ಬುದ್ಧಿ ಸುಮ್ಮನಾಯಿತು. ಮೂಗು ಸುಮ್ಮನಾಗಲಿಲ್ಲ. ಊದುಬತ್ತಿ ಹಚ್ಚಿದರೂ ಎದ್ದು ಮನೆಯೆಲ್ಲ ಸುತ್ತುತ್ತಿದ್ದೆ.

"ಏನ್ರೀ ಅದು, ಬೆಕ್ಕಿನ ಥರ ಮೂಸ್ಕೊಂಡು ಓಡಾಡ್ತೀರಾ?"

ಆರನೆಯ ದಿನ ಲಲಿತ ಆರತಿ ಹಾಡು ಹೇಳುತ್ತಿದ್ದಾಗ ಮೇಲಿನ ಬಾಗಿಲು ತೆರೆಯಿತು. ಹೊಗೆ. ಅದರ ನಡುವೆ ಪೈಜಾಮದಲ್ಲಿ ಕೆಮ್ಮುತ್ತ ವಾಲ್ಟರ್. ಮನೆ ಹೆಚ್ಚಿದವರು ಅವರ ಒಲೆಯನ್ನು ಮುಂಬಾಗಿಲಿನ ಪಕ್ಕದಲ್ಲೇ ಇಟ್ಟಿದ್ದರು. ಬಾಣಲೆ ಹೊತ್ತಿಕೊಂಡು ಆ ದಾರಿ ಮುಚ್ಚಿತ್ತು. ಈ ದಾರಿಯಲ್ಲಿ ಪಟ್ಟದ ಗೊಂಬೆಗಳಾದ ರಾಜ ರಾಣಿ, ಅವರ ಕೆಳಗೆ ದಶಾವತಾರ, ಅದರ ಕೆಳಗೆ ಅಂಗಡಿ ಶೆಟ್ಟರು. ಎತ್ತಿದ ಕಾಲನ್ನು ಗಾಳಿಯಲ್ಲೇ ಹಿಡಿದು, "ಎಲ್ಲಿ ಹೆಜ್ಜೆ ಇಡಲಿ?" ಎಂದು ಆ ಪುಣ್ಯಾತ್ಮರು ಇಂಗ್ಲಿಷಿನಲ್ಲಿ ವಿನಯದಿಂದ ಕೇಳಿದರು.

"ತಡೀರಿ, ರಾಣಿ ಕೈ ಮುರಿಯತ್ತೆ!" ಎಂದು ಕನ್ನಡದಲ್ಲಿ ಕೂಗಿದವನು, ಹೇಳಲು ನಾಚಿಕೆ, ನಾನು.

ಅರಿಶಿನ ಕುಂಕುಮಕ್ಕೆ ಬಂದಿದ್ದ ಹುಬ್ಬಳ್ಳಿಯ ಶಾಂತಕ್ಕ ಗುಡುಗಿದರು: "ಗೊಂಬಿ ಒಡದ್ರ ಒಡೀಲಿ! ಮೊದ್ಲ ಆ ಅಜ್ಜನ್ನ ಇಳಸ್ರಿ!"

ಅಷ್ಟರಲ್ಲಿ ಲಲಿತ ಸೀರೆ ಎತ್ತಿ ಸಿಕ್ಕಿಸಿ, ಗೊಂಬೆಗಳನ್ನು ಎರಡೂ ಕೈಯಿಂದ ಬಾಚಿ ಬದಿಗೆ ತಳ್ಳುತ್ತ ಮೇಲೇರಿದ್ದಳು. ನಾಲ್ಕು ಅವತಾರಗಳು ನನ್ನ ಕಾಲ ಬಳಿ ಬಿದ್ದು ಒಡೆದವು. ಮುದುಕರ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಬಂದಳು. ಬೆಂಕಿ ಆರಿಸಲು ಬಂದವರು ಆ ಮೆಟ್ಟಿಲು ಖಾಲಿ ಇರಬೇಕಿತ್ತು ಎಂದಾಗ ಅವಳು ಥಟ್ಟನೆ ನನ್ನ ಕಡೆ ತಿರುಗಿದಳು. ನನ್ನ ಮುಖ ನೋಡಿದಳು, ಅಷ್ಟೆ.

ವಾಲ್ಟರ್ ಈಗಿಲ್ಲ. ಶಾಂತಕ್ಕನೂ ಹೋದರು. ಮುದುಕರನ್ನು ಹೊತ್ತು ಇಳಿಸಿದವನು ನಾನೇ ಎಂದು ಬರೆಯುವ ಆಸೆ ಬಹಳವಿತ್ತು. ಆದರೆ ಕಣ್ಣಾರೆ ಕಂಡವರಲ್ಲಿ ಲಲಿತ ಇನ್ನೂ ಗಟ್ಟಿಯಾಗಿದ್ದಾಳೆ. ಈಗಷ್ಟೇ ಕನ್ನಡಕ ಹಾಕಿಕೊಂಡು ಬಂದು ನನ್ನ ಹಿಂದೆ ನಿಂತಿದ್ದಾಳೆ.