ಬಾದಾಮಿಗೆ ನೂರಕ್ಕೆ ಮೂವತ್ತೊಂದು

ನಮ್ಮ ಮನೆಯಲ್ಲಿ ಪ್ರವಾಸದ ಜಾಗ ಆರಿಸುವ ಹಕ್ಕು ನನ್ನದೇ ಎಂದು ಹನ್ನೊಂದು ವರ್ಷ ನಂಬಿದ್ದೆ. ಈ ದಸರಾ ರಜೆಗೆ ಬಾದಾಮಿ ಎಂದು ಘೋಷಿಸಿದ ದಿನ ಹೆಂಡತಿ ವೀಣಾ ಸೌಟು ಕೆಳಗಿಟ್ಟಳು.

"ನೀವು ಕರ್ಕೊಂಡು ಹೋದ ಒಂದು ಜಾಗಾನಾದ್ರೂ ಚೆನ್ನಾಗಿತ್ತೇನ್ರೀ? ಈ ಸಲ ಮರವಂತೆ. ಸಮುದ್ರದಲ್ಲಿ ಕಾಲಿಟ್ಕೊಂಡು ಸುಮ್ನೆ ಕೂತ್ಕೋಬೇಕು ನಂಗೆ."

ನಾನು ಬಿಡುವವನೇ? ಹಳೆಯ ಪ್ರವಾಸಗಳಿಗೆಲ್ಲ ಅಂಕ ಹಾಕೋಣ, ಯಾರು ಆರಿಸಿದ ಜಾಗಗಳಿಗೆ ಹೆಚ್ಚು ಬರುತ್ತದೋ ಈ ರಜೆ ಅವರದು ಎಂದು ಸವಾಲು ಹಾಕಿದೆ. ಮೌಲ್ಯಮಾಪಕರು ನನ್ನ ಮಾವ, ನಿವೃತ್ತ ಗಣಿತ ಮೇಷ್ಟ್ರು. ಹೆಣ್ಣು ಕೊಟ್ಟ ಮಾವನನ್ನೇ ಜಡ್ಜ್ ಮಾಡಿದೆಯಾ ಎಂದು ನಗಬೇಡಿ. ಒಂಬತ್ತನೇ ಕ್ಲಾಸಿನಲ್ಲಿ ಸ್ವಂತ ಮಗಳನ್ನೇ ಎರಡು ಅಂಕಕ್ಕೆ ಫೇಲ್ ಮಾಡಿದ ಧೀರರು ಅವರು!

ಭಾನುವಾರ ಕೊಡಿಗೇಹಳ್ಳಿಯಿಂದ ಗಂಗಾನಗರದ ನಮ್ಮ ಮನೆಗೆ ಕೆಂಪು ಪೆನ್ನು ಸಮೇತ ಬಂದರು. ನಾನು ಎದ್ದು ನಿಂತು ಚಿತ್ರದುರ್ಗದ ಕೋಟೆಯನ್ನು ವರ್ಣಿಸಿದೆ. ಇತಿಹಾಸ! ಸಾಹಸ! ಗಾಳಿ!

"ಏಪ್ರಿಲ್ ತಿಂಗಳು, ಮಧ್ಯಾಹ್ನ ಹನ್ನೆರಡು ಗಂಟೆ ಅಪ್ಪ," ಎಂದಳು ವೀಣಾ. "ನನ್ ಚಪ್ಪಲಿ ಬಾಯಿ ಬಿಟ್ಕೊಳ್ತು."

"ಪುರಾವೆ?" ಎಂದರು ಮಾವ.

ನಾನು ಎಡವಿದ್ದು ಇಲ್ಲೇ. ಹೋದಲ್ಲೆಲ್ಲ ಮೊಬೈಲಿನಲ್ಲಿ ನಕ್ಷತ್ರ ಕೊಟ್ಟು ಅಭಿಪ್ರಾಯ ಬರೆಯುವುದು ನನ್ನ ಹೆಮ್ಮೆಯ ಚಟ. ಬರೆದದ್ದು ನೆನಪಿಟ್ಟುಕೊಳ್ಳುವ ಚಟ ಇಲ್ಲ. "ಎಲ್ಲಾ ಬರೆದಿಟ್ಟಿದ್ದೀನಿ ಮಾವ!" ಎಂದು ನಾನೇ ಫೋನ್ ಅವರ ಕೈಗಿತ್ತೆ. ಅವರು ಜೋರಾಗಿ ಓದಿದರು.

"ಚಿತ್ರದುರ್ಗ. ಒಂದು ನಕ್ಷತ್ರ. 'ಮೆಟ್ಟಿಲು ವಿಪರೀತ. ಕೋಟೆ ಕಟ್ಟಿದವರು ಮಂಡಿನೋವಿನವರ ಬಗ್ಗೆ ಯೋಚಿಸಿಯೇ ಇಲ್ಲ.'"

ವೀಣಾ ಅಡುಗೆಮನೆಗೆ ಓಡಿದಳು. ನಗು ಮಾತ್ರ ಹಾಲ್‌ವರೆಗೂ ಕೇಳಿಸಿತು.

"ವಿಜಯಪುರ ನೋಡಿ ಮಾವ, ಗೋಳಗುಮ್ಮಟ!"

"ಎರಡು ನಕ್ಷತ್ರ. 'ಒಂದು ಸಲ ಕೆಮ್ಮಿದರೆ ಏಳು ಸಲ ಕೇಳಿಸುತ್ತದೆ. ನನಗೆ ಅಂದು ವಿಪರೀತ ಕೆಮ್ಮು. ಎಲ್ಲರೂ ನನ್ನನ್ನೇ ನೋಡಿದರು.'"

ಮುಂದಿನದು ವೀಣಾ ಹಟ ಹಿಡಿದು ಕರೆದೊಯ್ದಿದ್ದ ಮೇಲುಕೋಟೆ. "ಐದು ನಕ್ಷತ್ರ. 'ಪುಳಿಯೋಗರೆ ಮೂರು ಸಲ ಹಾಕಿಸಿಕೊಂಡೆ. ಕಲ್ಯಾಣಿ ಮೆಟ್ಟಿಲ ಮೇಲೆ ಒಳ್ಳೇ ನಿದ್ದೆ ಬಂತು. ಜನ್ಮ ಸಾರ್ಥಕ.'"

ಹೀಗೇ ಉಳಿದವನ್ನೂ ಓದಿ ಮಾವ ನಕ್ಷತ್ರಗಳನ್ನು ಅಂಕಕ್ಕಿಳಿಸಿದರು. ನನಗೆ ನೂರಕ್ಕೆ ಮೂವತ್ತೊಂದು. ವೀಣಾಗೆ ಡಿಸ್ಟಿಂಕ್ಷನ್!

ಅವಮಾನದಿಂದ ಮೈ ಉರಿಯಿತು. "ರೀವ್ಯಾಲ್ಯುಯೇಷನ್ ಆಗ್ಲೇಬೇಕು!" ಎಂದು ಮೇಜು ಕುಟ್ಟಿದೆ. ಮಾವ ತಾಳ್ಮೆಯಿಂದ ಮೊದಲಿಂದ ಓದಿ, ಮೂವತ್ತೊಂದನ್ನು ಹೊಡೆದುಹಾಕಿ ಇಪ್ಪತ್ತೆಂಟು ಬರೆದರು.

"ಕಡಿಮೆ ಆಯ್ತಲ್ಲ ಮಾವ?"

"ನಂದಿಬೆಟ್ಟ ಬಿಟ್ಟುಹೋಗಿತ್ತು ಅಳಿಯಂದಿರೇ. 'ಮಂಜು ಬಿಟ್ಟು ಏನೂ ಕಾಣಲಿಲ್ಲ. ಮಂಜೂ ಅಷ್ಟೇನಿರಲಿಲ್ಲ.' ನೀವೇ ಬರ್ದಿರೋದು."

ಅಂದೇ ಮರವಂತೆಗೆ ಹೋಗಲು ಯಶವಂತಪುರದಿಂದ ಬೆಳಗಿನ ರೈಲಿಗೆ ಟಿಕೆಟ್ ಆಯಿತು. ಸೋತರೂ ಕಿಟಕಿ ಸೀಟು ನನಗೇ ಬೇಕೆಂದು ಪಟ್ಟು ಹಿಡಿದೆ. ಅದು ಮಾವನಿಗಂತೆ. ಹೌದು, ಅವರೂ ಬರುತ್ತಿದ್ದಾರೆ, ಮೌಲ್ಯಮಾಪನದ ಸಂಭಾವನೆ! ಗೆದ್ದವರಿಬ್ಬರ ನಡುವಿನ ಸೀಟು ನನ್ನದು, ಬ್ಯಾಗುಗಳ ಸಮೇತ.