ಕೂಸುಗಳ ನಿದ್ದೆ ಅಳೆದ ವಾರ

ಒಂದೇ ಮನೆಯಲ್ಲಿ, ಒಂದೇ ತಿಂಗಳು ಎರಡು ತೊಟ್ಟಿಲು ಕಟ್ಟಿದರೆ ಇಂಥವು ನಡೆಯದೆ ಇರುವುದಿಲ್ಲ. ನಮ್ಮದು ಆದವಾನಿಯ ಹತ್ತಿ ವ್ಯಾಪಾರದ ಮನೆ. ಹಿರೇ ಸೊಸೆಯಾದ ನನ್ನ ವಾರಗಿತ್ತಿಗೆ ಗಂಡು, ಕಿರಿಯವಳಾದ ನನಗೆ ಹೆಣ್ಣು. ಆಕೆಯ ಮಗ ಮಲಗಿದರೆ ಮಲಗಿದ. ನನ್ನ ಮಗಳು ಬೆಕ್ಕು ನಡೆದರೂ ಏಳುತ್ತಿದ್ದಳು. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಗಡಿಯಾರ

ದವಾಖಾನೆಯ ಡಾಕ್ಟರಮ್ಮ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟರು. ದಿನಕ್ಕೆ ಇಪ್ಪತ್ತನಾಲ್ಕು ಚೌಕ. ಕೂಸು ಮಲಗಿದ ತಾಸಿನ ಚೌಕಕ್ಕೆ ಕಪ್ಪು ತುಂಬಿ, ವಾರ ಬಿಟ್ಟು ತಂದು ತೋರಿಸಬೇಕು. ಮನೆಗಿದ್ದದ್ದು ಒಂದೇ ಗಡಿಯಾರ, ಅದು ವಾರಗಿತ್ತಿಯ ಕೋಣೆಯಲ್ಲಿ. ಮಗಳು ಕಣ್ಣು ಮುಚ್ಚಿದಾಗ ಎಷ್ಟಾಯಿತೆಂದು ಕೇಳಿದರೆ ಆಕೆ ಹತ್ತು ಅನ್ನುವಳು. ಎದ್ದ ಮೇಲೆ ಕೇಳಿದರೂ, "ಇನ್ನೂ ಹತ್ತ ಐತಿ, ತಂಗಿ" ಅನ್ನುವಳು. ನನ್ನ ಮಗಳು ಮಲಗಿದರೆ ಸಾಕು, ಆ ಗಡಿಯಾರ ನಿಂತುಬಿಡುತ್ತಿತ್ತು.

ಗೆಜ್ಜೆ

ನನ್ನ ಗೊಣಗಾಟಕ್ಕೆ ಬೇಸತ್ತ ಅತ್ತೆ ಬೇರೆ ಅಳತೆ ಹೇಳಿದರು. ಎರಡೂ ಕೂಸಿನ ಕಾಲಿಗೆ ಗೆಜ್ಜೆ ಕಟ್ಟುವುದು. ಸಪ್ಪಳ ಬಂದರೆ ಎಚ್ಚರ, ಬಾರದಿದ್ದರೆ ನಿದ್ದೆ. ನನ್ನ ಮಗಳ ಗೆಜ್ಜೆ ಬಾಯಿ ಮುಚ್ಚಲಿಲ್ಲ. ಆಕೆಯ ಮಗನದು ಎರಡು ದಿನ ಉಸಿರೇ ಎತ್ತಲಿಲ್ಲ. ವಾರಗಿತ್ತಿ ಜಳಕಕ್ಕೆ ಹೋದಾಗ ತೊಟ್ಟಿಲಲ್ಲಿ ಇಣುಕಿದೆ. ಹುಡುಗ ಕಣ್ಣು ಬಿಟ್ಟುಕೊಂಡು ಕಾಲು ಝಾಡಿಸುತ್ತಿದ್ದ. ಗೆಜ್ಜೆಯೊಳಗೆಲ್ಲ ಹತ್ತಿ ತುರುಕಿತ್ತು. ಅತ್ತೆಗೆ ಹೇಳಲು ಓಡಿದವಳು ಪಡಸಾಲೆಯಲ್ಲೇ ನಿಂತೆ. ಹತ್ತಿಗೆ ನಮ್ಮ ಮನೆಯಲ್ಲಿ ಬರವೆ? ಅವತ್ತು ಸಂಜೆಯಿಂದ ನನ್ನ ಮಗಳಿಗೂ ಗಾಢ ನಿದ್ದೆ ಹತ್ತಿತು.

ಬೆಂಚು

ವಾರದ ಕೊನೆಗೆ ಕದ್ದು ನೋಡಿದರೆ ಆಕೆಯ ಹಾಳೆಯಲ್ಲಿ ದಿನಕ್ಕೆ ಇಪ್ಪತ್ತೆರಡು ಚೌಕ ಕಪ್ಪಾಗಿದ್ದವು. ಕಾಡಿಗೆ ಡಬ್ಬಿ ತೆಗೆದು ನನ್ನದರಲ್ಲಿ ಇಪ್ಪತ್ತಮೂರು ಮಾಡಿದೆ.

ಹಾಳೆ ನೋಡಿ ಡಾಕ್ಟರಮ್ಮನ ಮುಖ ಬದಲಾಯಿತು. "ಕೂಸುಗಳಿಗೆ ಅಫೀಮು ಹಾಕ್ತೀರೇನು?" ಎಂದು ಕೇಳಿದರು. ಆಗ ಕೆಲವು ಮನೆಗಳಲ್ಲಿ ಹಾಗೆ ಮಾಡುತ್ತಿದ್ದರು. ನಮ್ಮ ಗಂಡಂದಿರನ್ನು ಕರೆಸುತ್ತೇನೆಂದಾಗ ಇಬ್ಬರೂ ಕೈ ಮುಗಿದೆವು. ಅದಕ್ಕೂ ಮೊದಲು ತಾವೇ ಕಣ್ಣಾರೆ ನೋಡಿ ಬರೆಯುವುದಾಗಿ ಹೇಳಿ, ಕೂಸುಗಳನ್ನು ಚಾಪೆಯ ಮೇಲೆ ಮಲಗಿಸಿ, ನಮ್ಮನ್ನು ಎದುರಿನ ಬೆಂಚಿನಲ್ಲಿ ಕೂಡಿಸಿದರು.

ಮಧ್ಯಾಹ್ನದ ತನಕ ಎರಡೂ ಕೂಸುಗಳು ಒಂದು ಗಳಿಗೆಯೂ ಕಣ್ಣು ಮುಚ್ಚಲಿಲ್ಲವಂತೆ. ನನಗೆ ನೆನಪಿರುವುದು ಡಾಕ್ಟರಮ್ಮ ಭುಜ ಹಿಡಿದು ಅಲುಗಾಡಿಸಿದ್ದಷ್ಟೆ. ವಾರಗಿತ್ತಿಯ ತಲೆ ನನ್ನ ಹೆಗಲ ಮೇಲಿತ್ತು, ನನ್ನ ತಲೆ ಆಕೆಯ ತಲೆಯ ಮೇಲೆ. ಅಫೀಮಿನ ಸಂಶಯ ಹೋಗಿತ್ತು. ನಗುತ್ತ ಹೊಸ ಹಾಳೆ ತೋರಿಸಿದರು. ಕೂಸುಗಳ ಸಾಲು ಖಾಲಿ. ಕೆಳಗೆ ತಾಯಂದಿರು ಎಂದು ಬರೆದು ಎರಡು ಚೌಕ ಕಪ್ಪು ಮಾಡಿದ್ದರು.

ನಾನು ನಾಚಿ ತಲೆ ಬಗ್ಗಿಸಿದೆ. ವಾರಗಿತ್ತಿ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದಳು: "ಡಾಕ್ಟರಮ್ಮ, ನಮ್ಮಿಬ್ಬರೊಳಗ ಜಾಸ್ತಿ ಮಲಗಿದ್ದು ಯಾರ್ರಿ?"