ಅತ್ತೆ ಹೇಳದ ಅಂಕಿ

ನಮ್ಮ ಸೋದರತ್ತೆ ಗಂಡನ ಆಧಾರ್ ನಂಬರಿನ ಎದುರಿಗೂ ಸೆರಗು ಸರಿಮಾಡಿಕೊಳ್ಳುತ್ತಾಳೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಸುಂಟಿಕೊಪ್ಪದಲ್ಲಿ ಜೆರಾಕ್ಸ್, ಆನ್‌ಲೈನ್ ಅರ್ಜಿಗಳ ಅಂಗಡಿ ಇಟ್ಟಿರುವ ನಾನೇ ಮೊದಲು ನಂಬಿರಲಿಲ್ಲ.

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಅವರ ಆಯಸ್ಸು ಕಮ್ಮಿಯಾಗುತ್ತದೆ ಎನ್ನುವುದು ಅತ್ತೆಯ ಗಟ್ಟಿ ನಂಬಿಕೆ. ಹಳೆ ಕಾಲದ ಹೆಂಗಸರು ಬಹಳ ಜನ ಹೀಗೇ, ಅದರಲ್ಲೇನು ಬಂತು ವಿಶೇಷ? ವಿಶೇಷ ಮುಂದಿದೆ: ಆಧಾರ್ ನಂಬರಿಗೂ ಅವಳದು ಅದೇ ನೇಮ. "ಸರ್ಕಾರದೋರು ನಿಮ್ಮ ಮಾವಂಗೆ ಇಟ್ಟಿರೋ ಹೆಸರು ಕಣೋ ಅದು. ಹೆಸರು ಅಂದ್ಮೇಲೆ ಹೆಸರೇ!" ಹೀಗಾಗಿ ಯಾರು ಮಾವನ ನಂಬರು ಕೇಳಿದರೂ ಅತ್ತೆ ಕಣ್ಣು ಅರ್ಧ ಮುಚ್ಚಿ, ತೊಟ್ಟಿಲು ತೂಗುವ ದನಿಯಲ್ಲಿ ಹನ್ನೊಂದು ಅಂಕಿ ಹೇಳಿ, ಹನ್ನೆರಡನೆಯದಕ್ಕೆ ಬಂದಾಗ ತಟ್ಟನೆ ನಿಂತು ಮಾವನ ಮುಖ ನೋಡುತ್ತಾಳೆ. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ನಿವೃತ್ತರಾದ ಮಾವ ಮಾತಿಗೆ ಬಲು ಬಡವರು. ಗಂಟಲು ಸರಿಮಾಡಿಕೊಂಡು "ಮೂರು" ಎನ್ನುತ್ತಾರೆ. ಅದಕ್ಕೆ ಮದುಮಗನ ನಾಚಿಕೆ ಬೇರೆ!

ತಮ್ಮ ನಂಬರನ್ನು ತಾವೇ ಪೂರ್ತಿ ಹೇಳಬಾರದೇ ಎಂದು ನೀವು ಕೇಳಬಹುದು. ಅವರು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅರ್ಧ ದಾರಿ ಹೋಗಿರುತ್ತಾಳಲ್ಲ! ತನ್ನ ನಂಬರು ಮಾತ್ರ ಅವಳಿಗೆ ಇವತ್ತಿಗೂ ಬಾಯಿಗೆ ಬರುವುದಿಲ್ಲ. "ನಂದೇನು ಮಹಾ? ಕಾರ್ಡಲ್ಲಿ ಬಿದ್ದಿರ್ತದೆ ಬಿಡು."

ಒಮ್ಮೆ ರೇಷನ್ ಅಂಗಡಿಗೆ ಒಬ್ಬಳೇ ಹೋಗಿದ್ದಳು. ಹನ್ನೊಂದು ಅಂಕಿ ಹೇಳಿ ಸುಮ್ಮನೆ ನಿಂತಳು. ಹಿಂದೆ ಸಾಲು ಬೆಳೆಯಿತು. ಅಂಗಡಿಯವರು ಸೋತು, "ಅಕ್ಕಾ, ಆ ಒಂದು ಅಂಕಿ ನಾನೇ ಊಹೆ ಮಾಡ್ಲಾ?" ಎಂದರಂತೆ.

"ಊಹೆ ಮಾಡ್ಕೊಳಪ್ಪ. ಆದ್ರೆ ನನ್ನ ಮುಂದೆ ಹೇಳ್ಬೇಡ!"

ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಕೂತಳು. ಗಿರಾಕಿಗಳಿರಲಿಲ್ಲ. ಕುಶಾಲನಗರದ ಬಸ್ಸು ಮಂಜಿನೊಳಗಿಂದ ಬಂದು ಮಂಜಿನೊಳಕ್ಕೇ ಹೋಯಿತು.

"ಅಲ್ವೋ, ಆ ನಂಬರಲ್ಲಿ ನಮ್ಮೂರು ಎಲ್ಲೈತೆ?"

"ಊರೂ ಇಲ್ಲ, ಜಾತಿನೂ ಇಲ್ಲ, ಹುಟ್ಟಿದ ವರ್ಷನೂ ಇಲ್ಲ ಅತ್ತೆ. ಸೊನ್ನೆ, ಒಂದರಿಂದ ಶುರುವಾಗಲ್ಲ ಅನ್ನೋದು ಬಿಟ್ರೆ, ಹನ್ನೊಂದು ಅಂಕಿ ಸುಮ್ನೆ ಹಂಗೇ ಬೀಳೋದು."

ಅತ್ತೆ ಮಂಜು ಕವಿದ ರಸ್ತೆಯ ಕಡೆ ಕೈ ತೋರಿಸಿದಳು. "ಅಂದ್ರೆ ಎಲ್ಲೋ ಮೋಡದಲ್ಲಿ ತೇಲ್ತಾ ಇದ್ದದ್ದು ಬಂದು ಇವರ ಮೇಲೇ ಕೂತ್ಕೊಂತಾ?"

ನನಗೂ ಒಂದು ಕ್ಷಣ ಹಾಗೇ ಕಂಡಿತು. ಇನ್ನೂ ಹುಟ್ಟದ ಮಕ್ಕಳ ನಂಬರುಗಳೆಲ್ಲ ಆ ಮಂಜಿನಲ್ಲಿ, ಸಿಲ್ವರ್ ಓಕ್ ಮರಗಳ ಮೇಲೆ, ತಮ್ಮ ತಮ್ಮ ಮನೆ ಹುಡುಕುತ್ತ ಅಲೆಯುತ್ತಿದ್ದವು. ಆ ಗುಂಗಿನಲ್ಲೇ ಬಾಯಿಬಿಟ್ಟೆ: "ಹನ್ನೆರಡನೇದು ಮಾತ್ರ ತೇಲ್ಕೊಂಡು ಬಂದಿದ್ದಲ್ಲ. ಮೊದಲಿನ ಹನ್ನೊಂದನ್ನ ಲೆಕ್ಕ ಹಾಕಿ ತೆಗೆಯೋದು. ಒಂದಂಕಿ ತಪ್ಪಿದ್ರೂ, ಅಕ್ಕಪಕ್ಕದ್ದೆರಡು ಅದಲುಬದಲಾದ್ರೂ ಲೆಕ್ಕ ಕೂಡಲ್ಲ, ಕಂಪ್ಯೂಟರ್ ಒಪ್ಪಲ್ಲ. ಹನ್ನೊಂದು ಗೊತ್ತಿದ್ರೆ ಸಾಕು, ಹನ್ನೆರಡನೇದು ಗೊತ್ತಾದಂಗೇ."

ಅತ್ತೆ ಕೆನ್ನೆಗೆ ಕೈಹಚ್ಚಿದಳು. "ಅಯ್ಯೋ ಶಿವನೇ! ಇಷ್ಟು ವರ್ಷ ನಾನು ಪೂರ್ತಿ ಹೆಸರೇ ಹೇಳ್ಬಿಟ್ಟಿದೀನಾ?"

ಮರುದಿನದಿಂದ ಹತ್ತೇ ಅಂಕಿ! ಮಾವನಿಗೆ ಬಡ್ತಿ ಸಿಕ್ಕಿತು. "ಐದು, ಮೂರು" ಎಂದು ಎರಡು ಮಾತು ಆಡುವಂತಾಯಿತು.

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಮಾವ ಕಾಫಿ ಲೋಟ ಎತ್ತಲು ಹೋದರು, ಬಲಗೈ ಮೇಲೇಳಲಿಲ್ಲ. ಬಾಯಿ ತೆರೆದರು, ಮಾತು ಬರಲಿಲ್ಲ. ಮಡಿಕೇರಿಯ ಆಸ್ಪತ್ರೆಯಲ್ಲಿ ಡಾಕ್ಟರು, ಜೀವಕ್ಕೇನೂ ಭಯವಿಲ್ಲ, ಮಾತು, ನೆನಪು ಎಷ್ಟು ಉಳಿದಿದೆಯೋ ಈಗಲೇ ಹೇಳಲಾಗದು ಎಂದರು. ಅತ್ತೆ ಮಂಚದ ಪಕ್ಕದಿಂದ ಏಳಲೇ ಇಲ್ಲ. "ನಾನು ಯಾರು ಅಂತಾದ್ರೂ ಗುರುತೈತೇನೋ ಇವರಿಗೆ?" ಎಂದು ನನ್ನನ್ನೇ ಕೇಳುತ್ತಿದ್ದಳು. ನನಗೆ ಅಳು ಉಕ್ಕಿ ಬರುತ್ತಿತ್ತು.

ಆಗ ಆಸ್ಪತ್ರೆ ಆಫೀಸಿನ ಹುಡುಗಿಯೊಬ್ಬಳು ಬಂದು ಮಾವನ ಆಧಾರ್ ನಂಬರು ಕೇಳಿದಳು. ಕಾರ್ಡು ಮನೆಯಲ್ಲೇ ಉಳಿದಿತ್ತು. ಅತ್ತೆ ಹತ್ತು ಅಂಕಿ ಹೇಳಿದಳು, ನಿಂತಳು, ಅಭ್ಯಾಸಬಲದಿಂದ ಅವರ ಮುಖ ನೋಡಿದಳು. ಇನ್ನು ನಾನೇ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಮಾವನ ಸೊಟ್ಟ ತುಟಿ ಅಲುಗಿತು.

"ಐ... ದು." ಆಮೇಲೆ, ಎಲ್ಲೋ ದೂರದಿಂದ ಎಂಬಂತೆ, "ಮೂ... ರು."

ಹುಡುಗಿ ಕೈಲಿದ್ದ ಟ್ಯಾಬಿನಲ್ಲಿ ಒತ್ತಿದಳು. "ಹಾಂ, ತಗೊಳ್ತು."

ಲೆಕ್ಕ ಕೂಡಿತ್ತು! ಕುಣಿದುಬಿಡೋಣ ಎನಿಸಿತು.

ಮನೆಗೆ ಬಂದಮೇಲೆ, ಮಾತಾಡಿಸುತ್ತಿರಿ ಎಂದ ಡಾಕ್ಟರ ಸಲಹೆಯನ್ನು ಅತ್ತೆ ತನ್ನದೇ ರೀತಿಯಲ್ಲಿ ಪಾಲಿಸಿದಳು. ಸಂಜೆ ಜಗಲಿಯಲ್ಲಿ ಕೂತು ನಂಬರು ಶುರುಮಾಡುವುದು, ದಿನ ಹೋದಂತೆ ಇನ್ನೂ ಬೇಗ ನಿಲ್ಲಿಸುವುದು, ಉಳಿದದ್ದೆಲ್ಲ ಮಾವನ ಪಾಲಿಗೆ. ನಿನ್ನೆ ನಾನು ಹೋದಾಗ ಅವಳು ಒಂದಂಕಿಯನ್ನೂ ಹೇಳಲಿಲ್ಲ, ಸುಮ್ಮನೆ ಅವರನ್ನೇ ನೋಡಿದಳು. ಮಾವ ತೊದಲುತ್ತ ತೊದಲುತ್ತ ಹನ್ನೆರಡೂ ಮುಗಿಸಿದರು. ಮುಗಿಸಿದವರು ನಿಲ್ಲಲಿಲ್ಲ, ಮತ್ತೆ ಬೇರೆ ಅಂಕಿಗಳು ಶುರುವಾದವು.

ಅತ್ತೆ ಗಾಬರಿಯಾದಳು. "ಸಾಕು ಕಣ್ರೀ, ಅದು ನಿಮ್ದಲ್ಲ! ಏನೋ ಇದು, ಇವರಿಗೆ ಮತ್ತೆ ತಲೆಗೆ ಏನಾದ್ರೂ ಆಯ್ತಾ?"

ಅವಳ ಅರ್ಜಿಗಳನ್ನೆಲ್ಲ ತುಂಬುವವನು ನಾನೇ. ಮಾವ ಹೇಳಿ ಮುಗಿಸುವವರೆಗೂ ಕಾದೆ. ಒಂದಂಕಿಯೂ ತಪ್ಪಲಿಲ್ಲ.

"ಅತ್ತೆ, ಅದು ನಿನ್ನ ನಂಬರು."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಒಳಗಿಂದಲೇ ದನಿ ಬಂತು: "ಇನ್ನೊಂದ್ಸಲ ಹೇಳ್ರೀ."